ಶಾನುಭೋಗರ ಕಡತದಿಂದ ನಿಮ್ಮ ಬ್ರೌಸರ್‌ವರೆಗೆ: ನಾಲ್ಕು ತಾಲ್ಲೂಕುಗಳ ಪಹಣಿ ಕಥೆ

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆ ಮನೆಗೊಬ್ಬರು ಇರ್ತಾರೆ. 'ಅವನಿಗೆ ಮೊಬೈಲ್ ಗೊತ್ತು', 'ಅವಳನ್ನ ಕೇಳು, ಮಾಡ್ಕೊಡ್ತಾಳೆ' ಅಂತ ಹೆಸರು ತಗೊಂಡೋರು. ವಯಸ್ಸು ಹದಿನಾರೋ ಇಪ್ಪತ್ತೋ ಇರಬಹುದು. ತಾತನ ಪಹಣಿ ತೆಗೆಯೋದು, ಅಮ್ಮನ ಗೃಹಲಕ್ಷ್ಮಿ ದುಡ್ಡು ಬಂತಾ ಅಂತ ನೋಡೋದು, ತಂಗಿಯ ಸ್ಕಾಲರ್‌ಶಿಪ್ ಅರ್ಜಿ ಹಾಕೋದು, ಪಕ್ಕದ್ಮನೆ ಅಣ್ಣನ ಬೆಳೆ ವಿಮೆ, ಎಲ್ಲಾ ಇವರ ತಲೆ ಮೇಲೆ. ಇವತ್ತಿನ ಸಂಚಿಕೆ ಇವರಿಗೆ.

ಬ್ರೌಸರ್ ಬಳಸೋದು ಹೇಗೆ ಅಂತ ಪಟ್ಟಿ ಓದಿದ್ರೆ ಐದು ನಿಮಿಷಕ್ಕೆ ಮುಗಿಯುತ್ತೆ, ಹತ್ತು ನಿಮಿಷಕ್ಕೆ ಮರೆತೂ ಹೋಗುತ್ತೆ. ಅದರ ಬದಲು ನಾನು ಒಂದು ಕಾಗದದ ಚರಿತ್ರೆ ಹೇಳ್ತೀನಿ. ನಮ್ಮ ಕಡೆ ಆಡುಮಾತಿನಲ್ಲಿ 'ಪಾಣಿ' ಅಂತೀವಲ್ಲ, ಆ ಪಹಣಿ. ಆಫೀಸಿನ ಭಾಷೆಯಲ್ಲಿ ಆರ್‌ಟಿಸಿ. ಈ ಕಾಗದದ ಹಿಂದೆ ಹೋದ್ರೆ ಇಂಟರ್ನೆಟ್ಟು ನಮ್ಮೂರಿಗೆ ಹೇಗೆ ಬಂತು ಅನ್ನೋದು ಗೊತ್ತಾಗುತ್ತೆ. ಜೊತೆಗೆ, ಇವತ್ತು ಫೋನ್ ಹಿಡಿದಾಗ ಯಾವುದನ್ನ ನೋಡಬೇಕು ಅನ್ನೋದೂ ಗೊತ್ತಾಗುತ್ತೆ.

ಮೊದಲು ಶಾನುಭೋಗರಿಂದ ಶುರು ಮಾಡೋಣ.

ಹಳೇ ಮೈಸೂರು ಸೀಮೆಯಲ್ಲಿ ಊರಿನ ಜಮೀನಿನ ಲೆಕ್ಕ ಇದ್ದಿದ್ದು ಶಾನುಭೋಗರ ಮನೆಯಲ್ಲಿ. ಅದು ವಂಶಪಾರಂಪರ್ಯದ ಹುದ್ದೆ. ಅಪ್ಪ ಶಾನುಭೋಗನಾದ್ರೆ ಮಗನೂ ಶಾನುಭೋಗ. ಯಾರ ಹೊಲ ಎಲ್ಲಿಗೆ ಮುಗಿಯುತ್ತೆ, ಯಾರು ಉಳುತ್ತಿದ್ದಾರೆ, ಕಂದಾಯ ಎಷ್ಟು, ಎಲ್ಲವೂ ಅವರ ಕಡತದಲ್ಲಿ ಬರೆದಿರೋದು. ಬರೆಯೋರು ಅವರೇ, ಓದಿ ಹೇಳೋರೂ ಅವರೇ. ಅಕ್ಷರ ಬಾರದ ರೈತ 'ಬುದ್ಧೀ, ನನ್ನ ಹೆಸರು ಐತಾ ನೋಡಿ' ಅಂತ ಕೇಳಿದ್ರೆ, 'ಐತೆ ಹೋಗಪ್ಪ' ಅಂದ್ರೆ ಐತೆ, 'ಇಲ್ಲ' ಅಂದ್ರೆ ಇಲ್ಲ. ಒಳ್ಳೆ ಶಾನುಭೋಗರು ಬೇಕಾದಷ್ಟು ಜನ ಇದ್ರು, ಅದರ ಬಗ್ಗೆ ನನಗೆ ಅನುಮಾನ ಇಲ್ಲ. ಆದ್ರೆ ರೈತನ ಕೈಯಲ್ಲಿ ಪರೀಕ್ಷೆ ಮಾಡಿ ನೋಡೋ ದಾರಿ ಇರಲಿಲ್ಲ. ಒಳ್ಳೆಯವರು ಸಿಕ್ಕಿದ್ರೆ ಅದೃಷ್ಟ, ಅಷ್ಟೇ.

1961ರ ಗ್ರಾಮ ಕಚೇರಿಗಳ ರದ್ದತಿ ಕಾಯ್ದೆ ಬಂದು, 1963ರಲ್ಲಿ ಅದು ಜಾರಿಯಾಗಿ, ವಂಶಪಾರಂಪರ್ಯದ ಶಾನುಭೋಗಿಕೆ ಹೋಯ್ತು. ಸಂಬಳದ ಗ್ರಾಮ ಲೆಕ್ಕಿಗರು ಬಂದ್ರು. ಈಗ ಅವರನ್ನ ಗ್ರಾಮ ಆಡಳಿತಾಧಿಕಾರಿ ಅಂತಾರೆ. ಕಡತ ಮನೆ ಬಿಟ್ಟು ಸರ್ಕಾರದ ಕೈಗೆ ಹೋಯ್ತು, ಆದ್ರೆ ಅದು ಕಡತವಾಗೇ ಉಳೀತು. ಕೈಬರಹ, ಒಂದೇ ಪ್ರತಿ, ಒಬ್ಬರ ಬ್ಯಾಗಿನಲ್ಲಿ.

ಆಮೇಲೆ 1974. ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯವರಾದ ಡಿ. ದೇವರಾಜ ಅರಸು ಮುಖ್ಯಮಂತ್ರಿ ಆಗಿದ್ದ ಕಾಲ. ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿ ಬಂದು, ಆ ವರ್ಷದ ಮಾರ್ಚ್ 1ರಿಂದ ಗೇಣಿ ಪದ್ಧತಿ ರದ್ದಾಯ್ತು. ಉಳುವವನೇ ಹೊಲದೊಡೆಯ ಅಂತ ಶಾಲೆಯಲ್ಲಿ ಓದಿರ್ತೀರಿ. ಶಾಲೆಯಲ್ಲಿ ಅಷ್ಟಾಗಿ ಹೇಳದ ವಿಷಯ ಇನ್ನೊಂದಿದೆ. ಗೇಣಿದಾರ ಭೂ ನ್ಯಾಯಮಂಡಳಿ ಮುಂದೆ ಹೋಗಿ 'ಈ ಹೊಲ ಉಳೋನು ನಾನೇ' ಅಂದ್ರೆ ಅದಕ್ಕೆ ಪುರಾವೆ ಬೇಕಲ್ಲ? ಪಹಣಿಯ 12ನೇ ಕಾಲಂನಲ್ಲಿ ಸಾಗುವಳಿ ಮಾಡೋರ ಹೆಸರು, ಬೆಳೆಯ ವಿವರ ಇರುತ್ತೆ. ಅಲ್ಲಿ ನಿಮ್ಮ ತಾತನ ಹೆಸರು ಇದ್ದರೆ ಕೇಸಿಗೆ ಬಲ. ಇಲ್ಲದಿದ್ರೆ ಊರಿನ ಸಾಕ್ಷಿಗಳನ್ನ ಕರ್ಕೊಂಡು ಅಲೆದಾಟ. ಒಂದು ಕಾಲಂನಲ್ಲಿ ಯಾರೋ ಬರೆದ, ಅಥವಾ ಬರೆಯದೇ ಬಿಟ್ಟ ಒಂದು ಹೆಸರು, ಮೂರು ತಲೆಮಾರಿನ ಹಣೆಬರಹ ಬದಲಾಯಿಸ್ತು. ನಿಮ್ಮ ಮನೆಯ ಎರಡೆಕರೆ ಹೊಗೆಸೊಪ್ಪಿನ ಹೊಲವೋ, ಚುಂಚನಕಟ್ಟೆ ಕಡೆಯ ಗದ್ದೆಯೋ ಹೇಗೆ ಬಂತು ಅಂತ ತಾತನನ್ನ ಒಂದ್ಸಲ ಕೇಳಿ ನೋಡಿ. ತುಂಬಾ ಮನೆಗಳಲ್ಲಿ ಆ ಕಥೆ 1974ಕ್ಕೆ ಹೋಗಿ ನಿಲ್ಲುತ್ತೆ.

ಈಗ ಕಂಪ್ಯೂಟರ್ ಬರೋ ಹೊತ್ತು. ಅಲ್ಲಿಗೆ ಹೋಗೋಕೆ ಮುಂಚೆ ಸ್ವಲ್ಪ ಹೊರಗಿನ ಪ್ರಪಂಚ.

ನಾವು 'ವೆಬ್' ಅನ್ನೋದನ್ನ 1989ರಲ್ಲಿ ಪ್ರಸ್ತಾಪ ಮಾಡಿದ್ದು ಟಿಮ್ ಬರ್ನರ್ಸ್-ಲೀ. ಜಿನೀವಾ ಹತ್ತಿರದ ಸರ್ನ್ ಸಂಶೋಧನಾ ಕೇಂದ್ರದಲ್ಲಿದ್ದ ಬ್ರಿಟಿಷ್ ವಿಜ್ಞಾನಿ. ಮೊದಲ ಜಾಲತಾಣ ಹೊರಗಿನವರಿಗೆ ಕಂಡಿದ್ದು 1991ರಲ್ಲಿ. 1993ರಲ್ಲಿ ಮೊಸಾಯಿಕ್ ಅನ್ನೋ ಬ್ರೌಸರ್, 1994ರಲ್ಲಿ ನೆಟ್‌ಸ್ಕೇಪ್. ಭಾರತದಲ್ಲಿ ಜನಸಾಮಾನ್ಯರಿಗೆ ಇಂಟರ್ನೆಟ್ ಕೊಟ್ಟಿದ್ದು 1995ರ ಆಗಸ್ಟ್ 15ರಂದು, ಸರ್ಕಾರಿ ಕಂಪನಿ ವಿಎಸ್‌ಎನ್‌ಎಲ್. ಚಿತ್ರ ಸಮೇತ ನೋಡೋ ಖಾತೆಗೆ 250 ಗಂಟೆಗೆ 15,000 ರೂಪಾಯಿ. ವೇಗ ಸೆಕೆಂಡಿಗೆ 9.6 ಕಿಲೋಬಿಟ್. ಲೆಕ್ಕ ಹಾಕಿ ನೋಡಿ: ನೀವು ಈಗ ವಾಟ್ಸಾಪ್‌ನಲ್ಲಿ ಕಣ್ಣು ಮಿಟುಕಿಸೋದ್ರಲ್ಲಿ ಕಳಿಸೋ 3 ಎಂಬಿ ಫೋಟೋ ಒಂದಕ್ಕೆ ಆಗ ನಲವತ್ತು ನಿಮಿಷದ ಮೇಲೆ ಬೇಕಾಗ್ತಿತ್ತು. ಅಷ್ಟು ಹೊತ್ತೂ ಮನೆ ಫೋನು ಎಂಗೇಜ್! 1998ರ ನವೆಂಬರ್‌ನಲ್ಲಿ ಖಾಸಗಿ ಕಂಪನಿಗಳಿಗೂ ಅವಕಾಶ ಕೊಟ್ಟ ಮೇಲೆ ದರ ಇಳೀತಾ ಬಂತು.

ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಬಹುಪಾಲು ಜನರ ಬದುಕಿಗೆ ಕಂಪ್ಯೂಟರ್ ಒಳಗೆ ಬಂದಿದ್ದು ಇಂಟರ್ನೆಟ್ ಮೂಲಕ ಅಲ್ಲವೇ ಅಲ್ಲ. ಅದು ಬಂದಿದ್ದು ತಾಲ್ಲೂಕು ಆಫೀಸಿನ ಬಾಗಿಲಿಂದ, 'ಭೂಮಿ' ಅನ್ನೋ ಹೆಸರಿನಲ್ಲಿ.

ಭೂಮಿ ಯೋಜನೆಯನ್ನ ಕಂದಾಯ ಇಲಾಖೆಯಲ್ಲಿ ನಡೆಸಿದ್ದು ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ. ತಂತ್ರಾಂಶ ಬರೆದಿದ್ದು ಎನ್‌ಐಸಿ. ಪ್ರಯೋಗ ನಡೆದಿದ್ದು ಪಕ್ಕದ ಮಂಡ್ಯ ಜಿಲ್ಲೆಯ ಮದ್ದೂರಿನಲ್ಲಿ. 2002ರ ಹೊತ್ತಿಗೆ ರಾಜ್ಯದ ಎಲ್ಲ ತಾಲ್ಲೂಕುಗಳಿಗೂ ಬಂದಾಗಿತ್ತು. ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನ ಕೈಬರಹದಿಂದ ಕಂಪ್ಯೂಟರಿಗೆ ಹಾಕಿದ್ರು. ಪ್ರತಿಗೆ 15 ರೂಪಾಯಿ. ಆಮೇಲೆ ಕೈಬರಹದ ಪಹಣಿ ನಡೆಯೋಲ್ಲ ಅಂತಾನೂ ಹೇಳಿಬಿಟ್ರು. ಇದು ದೊಡ್ಡ ಹೆಜ್ಜೆ, ಯಾಕಂದ್ರೆ ಎರಡೂ ನಡೆಯುತ್ತೆ ಅಂದಿದ್ರೆ ಹಳೇ ದಾರಿಯೇ ಗೆಲ್ತಿತ್ತು.

ನನಗೆ ಭೂಮಿ ಕೇಂದ್ರದಲ್ಲಿ ತುಂಬಾ ಇಷ್ಟವಾದ ಸಂಗತಿ ಒಂದಿದೆ. ಕೌಂಟರಿನಲ್ಲಿ ಎರಡು ಸ್ಕ್ರೀನ್ ಇಟ್ಟಿದ್ರು. ಒಂದು ಆಪರೇಟರ್ ಕಡೆಗೆ, ಇನ್ನೊಂದು ರೈತನ ಕಡೆಗೆ ಮುಖ ಮಾಡಿ. ಒಳಗಡೆ ಏನು ಟೈಪ್ ಆಗ್ತಿದೆ ಅನ್ನೋದು ಹೊರಗೆ ನಿಂತೋರಿಗೂ ಕಾಣಬೇಕು. ಯೋಚನೆ ಮಾಡಿ, ಶಾನುಭೋಗರ ಕಾಲದಿಂದ ಅಲ್ಲೀವರೆಗೆ ಕಡತ ಯಾವಾಗಲೂ ಬರೆಯೋರ ಕಡೆಗೇ ತಿರುಗಿರ್ತಿತ್ತು. ಮೊದಲ ಸಲ ಅದು ರೈತನ ಕಡೆ ತಿರುಗ್ತು. ಹನಗೋಡಿಂದ, ಬೆಟ್ಟದಪುರದಿಂದ, ಅಂತರಸಂತೆಯಿಂದ ಬಸ್ ಹತ್ತಿ ಬಂದ ರೈತರ ಪಾಲಿಗೆ ಅದೇ ಮೊದಲ 'ಬ್ರೌಸಿಂಗ್' ಅಂದ್ರೆ ತಪ್ಪೇನಿಲ್ಲ.

ಇನ್ನೊಂದು: ಅಧಿಕಾರಿಗಳು ಕಂಪ್ಯೂಟರ್ ಒಳಗೆ ಹೋಗಬೇಕಾದ್ರೆ ಬೆರಳಚ್ಚು ಕೊಡಬೇಕಿತ್ತು. ಇಪ್ಪತ್ತಕ್ಕೂ ಹೆಚ್ಚು ವರ್ಷದ ಹಿಂದೆ! ಪಾಸ್‌ವರ್ಡ್ ಆದ್ರೆ 'ನನ್ನದನ್ನ ಯಾರೋ ಬಳಸಿಬಿಟ್ರು' ಅನ್ನಬಹುದು. ಬೆರಳು ಹಾಗಲ್ಲ, ಈ ಬದಲಾವಣೆ ಮಾಡಿದ್ದು ಇವರೇ ಅಂತ ದಾಖಲೆ ಉಳಿಯುತ್ತೆ. ಈಗ ನಿಮ್ಮ ಫೋನಿಗೆ ಬರೋ ಒಟಿಪಿ ಮಾಡೋ ಕೆಲಸ ಇದೇ. ತಾತನ ಫೋನಿಗೆ ಬಂದ ಆರು ಅಂಕಿ ತಾತನ ಹೆಬ್ಬೆಟ್ಟು. ಯಾರೋ ಫೋನ್ ಮಾಡಿ 'ಬಂದಿರೋ ನಂಬರ್ ಹೇಳಿ ಸಾರ್' ಅಂದ್ರೆ, ಖಾಲಿ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸ್ಕೋತಿದ್ದಾರೆ ಅಂತ ತಾತನಿಗೆ ಹೇಳಿ. ಒಟಿಪಿ ಅಂದ್ರೆ ಏನು ಅಂತ ಅರ್ಧ ಗಂಟೆ ವಿವರಿಸೋದು ಬೇಡ, ಹೆಬ್ಬೆಟ್ಟು ಅಂದ್ರೆ ಅವರಿಗೆ ತಕ್ಷಣ ಅರ್ಥ ಆಗುತ್ತೆ.

ಭೂಮಿ ಬಗ್ಗೆ ಬರೀ ಹೊಗಳಿಕೆ ಹೇಳಿದ್ರೆ ಚರಿತ್ರೆ ಆಗಲ್ಲ. ಕೈಬರಹದಲ್ಲಿದ್ದ ತಪ್ಪು ಹಾಗೇ ಕಂಪ್ಯೂಟರಿಗೆ ಹೋಯ್ತು. ಕರಿಯಪ್ಪ ಕರಿಯಯ್ಯ ಆದ್ರು, ತೀರಿಹೋದವರು ದಾಖಲೆಯಲ್ಲಿ ಬದುಕೇ ಉಳಿದ್ರು. ತಿದ್ದಿಸೋಕೆ ಅರ್ಜಿ, ಪೌತಿ ಖಾತೆಗೆ ಅರ್ಜಿ, ಅದೇ ಓಡಾಟ. ದಾಖಲೆ ಒಂದೇ ಕಡೆ ಸುಲಭವಾಗಿ ಸಿಗೋ ಹಾಗಾದಾಗ ಬೆಂಗಳೂರು ಸುತ್ತ ದೊಡ್ಡ ದೊಡ್ಡ ಜಮೀನು ಕೊಳ್ಳೋರಿಗೂ ಅನುಕೂಲ ಆಯ್ತು, ಬಡ ರೈತನಿಗಿಂತ ಅವರಿಗೇ ಜಾಸ್ತಿ ಆಯ್ತು ಅಂತ 2007ರಲ್ಲೇ ಸಂಶೋಧಕರು ಬರೆದಿದ್ದಾರೆ. ಈ ಟೀಕೆಯಲ್ಲಿ ತಿರುಳಿದೆ ಅಂತ ನನ್ನ ಅಭಿಪ್ರಾಯ. ಕಿಟಕಿ ತೆರೆದಾಗ ಗಾಳಿ ಬಂದ ಹಾಗೆ ಧೂಳೂ ಬರುತ್ತೆ.

2006ರ ಸುಮಾರಿಗೆ ಹೋಬಳಿ ಮಟ್ಟದಲ್ಲಿ ನೆಮ್ಮದಿ ಕೇಂದ್ರಗಳು ಬಂದ್ವು, 2012ರಲ್ಲಿ ಅವುಗಳ ಜಾಗಕ್ಕೆ ನಾಡಕಚೇರಿಯ ಅಟಲ್‌ಜಿ ಜನಸ್ನೇಹಿ ಕೇಂದ್ರ. ಅಷ್ಟರಲ್ಲಿ ಪೇಟೆಯಲ್ಲಿ ಇನ್ನೊಂದು ಲೋಕ ಎದ್ದಿತ್ತು, ಸೈಬರ್ ಸೆಂಟರ್.

ನಾನು ಮೊದಲು ಇಂಟರ್ನೆಟ್ ಮುಟ್ಟಿದ್ದೇ ಅಲ್ಲಿ. ಬಸ್ ಸ್ಟ್ಯಾಂಡ್ ಹತ್ತಿರದ ಜೆರಾಕ್ಸ್ ಅಂಗಡಿ, ಹಿಂದೆ ಪ್ಲೈವುಡ್ ಗೂಡು, ಅದರಲ್ಲಿ ನಾಲ್ಕು ಕಂಪ್ಯೂಟರ್. ಕರೆಂಟ್ ಹೋದ್ರೆ ಯುಪಿಎಸ್ ಕಿರುಚುತ್ತೆ, ಅಂಗಡಿ ಅಣ್ಣ 'ಎಲ್ಲ ಸೇವ್ ಮಾಡ್ಕೊಳ್ರಪ್ಪ' ಅಂತ ಕೂಗ್ತಾನೆ. ಎಸ್ಸೆಸ್ಸೆಲ್ಸಿ ರಿಸಲ್ಟ್ ದಿನ ಮಾತ್ರ ಜಾತ್ರೆ. ರಿಸಲ್ಟ್ ಪುಟ ತೆರೆಯೋದೇ ಇಲ್ಲ, ಮರಳು ಗಡಿಯಾರದ ಚಿತ್ರ ತಿರುಗ್ತಾನೇ ಇರುತ್ತೆ, ಬಾಗಿಲಲ್ಲಿ ಅಪ್ಪ ಅಮ್ಮಂದಿರು. ಬೈಲಕುಪ್ಪೆ ಕಡೆ ಹೋದ್ರೆ ಬೇರೆ ತರಹದ ಗಿರಾಕಿಗಳು ಕಾಣೋರು. 1960ರ ದಶಕದ ಆರಂಭದಿಂದ ಅಲ್ಲಿರೋ ಟಿಬೆಟನ್ ಮನೆಗಳವರು, ಕಿವಿಗೆ ಹೆಡ್‌ಫೋನ್ ಹಾಕ್ಕೊಂಡು ದೂರದ ದೇಶದಲ್ಲಿರೋ ನೆಂಟರ ಹತ್ತಿರ ಮಾತಾಡ್ತಿದ್ರು.

ಆ ಗೂಡಿನಲ್ಲಿ ಕೂತ ತಕ್ಷಣ ನನಗಿಂತ ಮುಂಚೆ ಕೂತಿದ್ದವರ ಇಮೇಲ್ ಹಾಗೇ ತೆರೆದಿರೋದು ಎಷ್ಟು ಸಲ ನೋಡಿದ್ದೀನೋ ಲೆಕ್ಕ ಇಲ್ಲ. ಅದಕ್ಕೆ ಕಾರಣ ಕುಕಿ. ತಿನ್ನೋ ಬಿಸ್ಕತ್ತಲ್ಲ. 1994ರಲ್ಲಿ ನೆಟ್‌ಸ್ಕೇಪ್‌ನ ಲೂ ಮೊಂಟುಲ್ಲಿ ಅನ್ನೋ ಎಂಜಿನಿಯರ್ ಮಾಡಿದ ಉಪಾಯ ಇದು. ಹರಾಜು ಮಾರುಕಟ್ಟೆಯಲ್ಲಿ ಹೊಗೆಸೊಪ್ಪಿನ ಬೇಲಿಗೆ ಚೀಟಿ ಹಾಕ್ತಾರಲ್ಲ, ಯಾರ ಬೇಲು ಅಂತ ಗುರುತಿಗೆ? ಹಾಗೆ ಜಾಲತಾಣ ನಿಮ್ಮ ಬ್ರೌಸರಿಗೆ ಒಂದು ಚೀಟಿ ಕೊಡುತ್ತೆ. ಮತ್ತೆ ಹೋದಾಗ ಚೀಟಿ ನೋಡಿ 'ಓ, ಇವರಾ' ಅಂತ ಒಳಗೆ ಬಿಡುತ್ತೆ. ಕಂಪ್ಯೂಟರ್ ಎಲ್ಲರದ್ದೂ ಆದಾಗ, ಚೀಟಿ ಅಲ್ಲೇ ಉಳಿದ್ರೆ ಮುಂದೆ ಕೂತವರೇ 'ನೀವು' ಆಗ್ತಾರೆ. ಕಿಟಕಿ ಮುಚ್ಚಿದ್ರೆ ಸಾಕು ಅಂತ ಜನ ಅಂದ್ಕೋತಾರೆ, ಸಾಲದು. ಲಾಗ್ ಔಟ್ ಮಾಡಿದ್ರೆ ಮಾತ್ರ ಆ ಚೀಟಿಗೆ ಬೆಲೆ ಹೋಗೋದು.

2011ರಲ್ಲಿ ಕೇಂದ್ರ ಸರ್ಕಾರ ಸೈಬರ್ ಕೆಫೆಗಳಿಗೆ ನಿಯಮ ತಂತು. ಗುರುತಿನ ಚೀಟಿ ನೋಡಬೇಕು, ಯಾರು ಬಂದ್ರು ಅನ್ನೋ ರಿಜಿಸ್ಟರ್ ಒಂದು ವರ್ಷ ಇಟ್ಟಿರಬೇಕು, ಗೂಡಿನ ಅಡ್ಡಗೋಡೆ ನಾಲ್ಕೂವರೆ ಅಡಿ ಮೀರಬಾರದು, ಇತ್ಯಾದಿ. ಗೋಡೆ ಅಳತೆಗೂ ಕಾನೂನು ಮಾಡಿದ ಕಾಲ ಅದು! ಸೈಬರ್ ಸೆಂಟರ್ ಈಗಲೂ ಇದೆ, ಹೆಸರು ಮಾತ್ರ ಬದಲಾಗಿದೆ. 'ಎಲ್ಲಾ ಆನ್‌ಲೈನ್ ಸೇವೆ ಸಿಗುತ್ತೆ' ಅಂತ ಬೋರ್ಡು. ಅಲ್ಲಿ ಅರ್ಜಿ ಹಾಕಿಸಿದ್ರೆ ಎರಡು ಕೆಲಸ ಮಾಡಿ. ಒಂದು, ನೀವೇ ಲಾಗಿನ್ ಆಗಿದ್ರೆ ಬ್ರೌಸರಿನ ಖಾಸಗಿ ಕಿಟಕಿ ಅಂದ್ರೆ ಇನ್‌ಕಾಗ್ನಿಟೋ ತೆರೆದುಕೊಂಡು ಆಗಿ, ಮುಗಿದ ಮೇಲೆ ಅದರ ಎಲ್ಲಾ ಕಿಟಕಿ ಮುಚ್ಚಿದ್ರೆ ಚೀಟಿ ಅಳಿಯುತ್ತೆ. ಎರಡು, ಡೌನ್‌ಲೋಡ್ ಫೋಲ್ಡರ್ ನೋಡಿ. ಆಧಾರ್, ಪಹಣಿ, ಪಾಸ್‌ಬುಕ್ ಮೊದಲ ಪುಟ, ಊರವರದ್ದೆಲ್ಲಾ ಅಲ್ಲೇ ಬಿದ್ದಿರುತ್ತೆ. ನಿಮ್ಮದನ್ನ ಅಳಿಸಿ ಎದ್ದು ಬನ್ನಿ, ರೀಸೈಕಲ್ ಬಿನ್ ಖಾಲಿ ಮಾಡೋದೂ ಸೇರಿಸಿ. ಅಂಗಡಿ ಅಣ್ಣನ ಮೇಲೆ ಅನುಮಾನ ಅಂತಲ್ಲ, 'ಅಣ್ಣ, ನಮ್ದು ಅಳಿಸಿಬಿಡ್ತೀನಿ' ಅಂದ್ರೆ ಯಾರೂ ಬೇಜಾರು ಮಾಡ್ಕೊಳ್ಳಲ್ಲ.

ಅಂದ ಹಾಗೆ ಇನ್‌ಕಾಗ್ನಿಟೋ ಮಾಯಾ ಟೋಪಿ ಅಲ್ಲ. ಆ ಫೋನಿನಲ್ಲೋ ಕಂಪ್ಯೂಟರಿನಲ್ಲೋ ಹೆಜ್ಜೆ ಗುರುತು ಉಳಿಯೋದಿಲ್ಲ ಅಷ್ಟೇ. ನೀವು ಹೋದ ಜಾಲತಾಣಕ್ಕೆ ನೀವು ಬಂದಿದ್ದು ಗೊತ್ತೇ ಇರುತ್ತೆ.

ಈಗ ಕನ್ನಡದ ವಿಷಯ. ಈ ಭಾಗ ನಮ್ಮ ವಯಸ್ಸಿನವರಿಗೆ ನೆನಪಿದೆ, ನಿಮಗೆ ನಂಬೋಕೆ ಕಷ್ಟ.

ಡಾ. ಯು.ಬಿ. ಪವನಜ 1996ರಲ್ಲೇ 'ವಿಶ್ವಕನ್ನಡ' ಅನ್ನೋ ಜಾಲತಾಣ ಮಾಡಿದ್ರು. 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ಬಂತು. ಆಮೇಲೆ ಕನ್ನಡ ಗಣಕ ಪರಿಷತ್ತಿನ 'ನುಡಿ'. ಕೆ.ಪಿ. ರಾವ್ ರೂಪಿಸಿದ ಕೀಲಿಮಣೆ ವಿನ್ಯಾಸದ ಮೇಲೆ ಸಾವಿರಾರು ಜನ ಕನ್ನಡ ಟೈಪ್ ಕಲಿತರು. ತೊಂದರೆ ಏನಂದ್ರೆ, ಒಬ್ಬೊಬ್ಬರದ್ದು ಒಂದೊಂದು ಫಾಂಟ್ ಲೆಕ್ಕಾಚಾರ. ಆ ಫಾಂಟ್ ನಿಮ್ಮ ಕಂಪ್ಯೂಟರಿನಲ್ಲಿ ಇಲ್ಲದಿದ್ರೆ ಪತ್ರಿಕೆಯ ಪುಟ ತೆರೆದಾಗ ಕಾಣೋದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಅದಕ್ಕೆ ಪರಿಹಾರ ಯೂನಿಕೋಡ್. ಪ್ರಪಂಚದ ಎಲ್ಲ ಲಿಪಿಗೂ ಒಂದೇ ಲೆಕ್ಕದ ಪುಸ್ತಕ, 1991ರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೂ ಅದರಲ್ಲಿ ಜಾಗ ಇತ್ತು. ಅದು ಸ್ಕ್ರೀನಿನ ಮೇಲೆ ಕಾಣೋಕೆ ಮಾತ್ರ ಇನ್ನೂ ಹತ್ತಿಪ್ಪತ್ತು ವರ್ಷ ಬೇಕಾಯ್ತು. ವಿಂಡೋಸ್ ಎಕ್ಸ್‌ಪಿಯಲ್ಲಿ 'ತುಂಗಾ' ಅನ್ನೋ ಕನ್ನಡ ಫಾಂಟ್ ಇತ್ತು, ಆದ್ರೆ ಒತ್ತಕ್ಷರ ಸರಿಯಾಗಿ ಕೂರಬೇಕಾದ್ರೆ ಸೆಟ್ಟಿಂಗ್ಸ್‌ಗೆ ಹೋಗಿ ಒಂದು ಆಯ್ಕೆ ಒತ್ತಬೇಕು, ಆಗ ಅದು ಎಕ್ಸ್‌ಪಿ ಸಿಡಿ ಕೇಳುತ್ತೆ. ತಾಲ್ಲೂಕು ಪೇಟೆಯ ಸೈಬರ್ ಸೆಂಟರಿನಲ್ಲಿ ಅಸಲಿ ಸಿಡಿ ಎಲ್ಲಿಂದ ಬರಬೇಕು?

ಫೋನಿನಲ್ಲಿ ಇನ್ನೂ ಮಜಾ. ಕನ್ನಡ ಅಂದ್ರೆ ಸಾಲು ಸಾಲು ಚೌಕ. ಆಗ ಹುಡುಗರ ನಡುವೆ ಒಂದು ಗುಟ್ಟು ಓಡಾಡ್ತಿತ್ತು. ಒಪೆರಾ ಮಿನಿ ಬ್ರೌಸರಿನ ವಿಳಾಸ ಪಟ್ಟಿಯಲ್ಲಿ 'ಒಪೆರಾ, ಕೋಲನ್, ಕಾನ್ಫಿಗ್' ಅಂತ ಟೈಪ್ ಮಾಡಿ, ಕೆಳಗೆ ಹೋಗಿ, ಕ್ಲಿಷ್ಟ ಲಿಪಿಗಳಿಗೆ ಬಿಟ್‌ಮ್ಯಾಪ್ ಫಾಂಟ್ ಬಳಸು ಅನ್ನೋದಕ್ಕೆ 'ಎಸ್' ಕೊಟ್ರೆ ಕನ್ನಡ ಕಾಣುತ್ತೆ! ಅದು ಅಕ್ಷರವನ್ನ ಚಿತ್ರ ಮಾಡಿ ಕಳಿಸ್ತಿತ್ತು. ಸಣ್ಣ ಫೋನಿನಲ್ಲಿ ಮೊದಲ ಸಲ 'ಕನ್ನಡ' ಅಂತ ಓದಿದಾಗ ಆದ ಖುಷಿ ಈಗ ಹೇಳಿದ್ರೆ ಅತಿ ಅನ್ನಿಸಬಹುದು. 2012ರಲ್ಲಿ ಆಂಡ್ರಾಯ್ಡ್ 4.1 ಬಂದಾಗ ಕನ್ನಡ ಫೋನಿನೊಳಗೇ ಬಂತು. 2016ರ ಸೆಪ್ಟೆಂಬರ್ 5ಕ್ಕೆ ಜಿಯೋ ಬಂದ ಮೇಲೆ ಡೇಟಾ ದರ ಬಿದ್ದುಹೋಯ್ತು, ಮನೆಮನೆಗೂ ಬ್ರೌಸರ್ ಬಂತು. ಕಬಿನಿ ಹಿನ್ನೀರಿನ ಆಚೆ, ನಾಗರಹೊಳೆ ಅಂಚಿನ ಹಾಡಿಗಳಲ್ಲಿ ಇವತ್ತಿಗೂ ಸಿಗ್ನಲ್ ಹುಡುಕಿ ದಿಬ್ಬ ಹತ್ತೋರು ಇದ್ದಾರೆ, 'ಮನೆಮನೆಗೂ' ಅನ್ನೋ ಮಾತನ್ನ ಅಷ್ಟು ಉಪ್ಪು ಹಾಕ್ಕೊಂಡು ಕೇಳಿ.

ಹೀಗೆ ಪಹಣಿ ನಿಮ್ಮ ಕೈಗೆ ಬಂತು. ಈಗ ಫೋನ್ ತೆಗೆದು ನೋಡೋಣ.

ಜಮೀನು ದಾಖಲೆಯ ಸರ್ಕಾರಿ ತಾಣದ ವಿಳಾಸ ನಿಧಾನವಾಗಿ ಹೇಳ್ತೀನಿ: ಲ್ಯಾಂಡ್‌ರೆಕಾರ್ಡ್ಸ್ ಡಾಟ್ ಕರ್ನಾಟಕ ಡಾಟ್ ಗವ್ ಡಾಟ್ ಇನ್. ಇದನ್ನ ಹೇಗೆ ಓದಬೇಕು ಗೊತ್ತಾ? ನಮ್ಮ ಊರಿನ ಅಂಚೆ ವಿಳಾಸದ ಹಾಗೆ. ಮನೆ ಹೆಸರು, ಹನಗೋಡು ಹೋಬಳಿ, ಹುಣಸೂರು ತಾಲ್ಲೂಕು, ಮೈಸೂರು ಜಿಲ್ಲೆ. ಚಿಕ್ಕದರಿಂದ ದೊಡ್ಡದಕ್ಕೆ. ಜಾಲದ ವಿಳಾಸದಲ್ಲೂ ಎಡಗಡೆ ಮನೆ, ಬಲಗಡೆ ಜಿಲ್ಲೆ. 'ಹುಣಸೂರು ಬೇಕರಿ, ಜೈಪುರ' ಅಂತ ಬರೆದಿದ್ರೆ ಆ ಬೇಕರಿ ಇರೋದು ಜೈಪುರದಲ್ಲಿ, ಹೆಸರಲ್ಲಿ ಹುಣಸೂರು ಇದ್ರೂ. ಹಾಗೇ 'ಭೂಮಿ, ಅಡ್ಡಗೀಟು, ಕರ್ನಾಟಕ, ಅಡ್ಡಗೀಟು, ಗವ್, ಡಾಟ್ ಎಕ್ಸ್‌ವೈಝಡ್' ಅಂತ ಒಂದು ವಿಳಾಸ ಬಂದ್ರೆ, ಅದರಲ್ಲಿ ಭೂಮಿ, ಕರ್ನಾಟಕ, ಗವ್ ಎಲ್ಲಾ ಇದ್ರೂ ಅದು ಸರ್ಕಾರದ್ದಲ್ಲ. ಡಾಟ್ ಗವ್ ಡಾಟ್ ಇನ್ ಅನ್ನೋ ಕೊನೆ ಸರ್ಕಾರಿ ಸಂಸ್ಥೆಗಳಿಗೆ ಮಾತ್ರ ಸಿಗೋದು. ಹಳೇ ಸರ್ಕಾರಿ ತಾಣಗಳಲ್ಲಿ ಡಾಟ್ ನಿಕ್ ಡಾಟ್ ಇನ್ ಕೂಡ ಕಾಣಿಸುತ್ತೆ.

ವಿಳಾಸದಲ್ಲಿ ಆ ಕೊನೆ ಎಲ್ಲಿ ಅಂತ ಹುಡುಕೋದು ಹೀಗೆ: ಶುರುವಿನ ಜೋಡಿ ಓರೆಗೀಟು ಬಿಡಿ, ಆಮೇಲೆ ಬರೋ ಮೊದಲ ಒಂಟಿ ಓರೆಗೀಟಿನ ಹತ್ತಿರ ನಿಲ್ಲಿ, ಅಲ್ಲಿಂದ ಎಡಕ್ಕೆ ಓದಿ. ಗೀಟಿನ ಬಲಗಡೆ ಏನೇ ಬರೆದಿದ್ರೂ ಅದು ಮನೆಯೊಳಗಿನ ಕೋಣೆಯ ಹೆಸರು, ಯಾರು ಬೇಕಾದ್ರೂ ಏನು ಬೇಕಾದ್ರೂ ಬರ್ಕೋಬಹುದು. ಫೋನಿನಲ್ಲಿ ವಿಳಾಸ ಪೂರ್ತಿ ಕಾಣಲ್ಲ, ಅದರ ಮೇಲೆ ಒಂದ್ಸಲ ಬೆರಳು ಒತ್ತಿದ್ರೆ ಬಿಚ್ಚಿಕೊಳ್ಳುತ್ತೆ. ಆ ಜೋಡಿ ಗೀಟಿನಿಂದ ಏನೂ ಉಪಯೋಗ ಇರಲಿಲ್ಲ ಅಂತ ಟಿಮ್ ಬರ್ನರ್ಸ್-ಲೀ ಅವರೇ 2009ರಲ್ಲಿ ಒಪ್ಪಿಕೊಂಡಿದ್ದಾರೆ. ಎಷ್ಟು ಕೋಟಿ ಜನ ಸುಮ್ಮಸುಮ್ಮನೆ ಟೈಪ್ ಮಾಡಿದ್ರೋ ಪಾಪ.

'ಬೀಗದ ಚಿತ್ರ ಇದ್ರೆ ಸೇಫ್' ಅಂತ ನಿಮಗೆ ಯಾರಾದ್ರೂ ಹೇಳಿರ್ತಾರೆ. ಆ ಮಾತು ಹಳೇದಾಯ್ತು. ಬೀಗ ಹೇಳ್ತಿದ್ದಿದ್ದು ಒಂದೇ ವಿಷಯ: ನಿಮ್ಮ ಫೋನಿಗೂ ಆ ತಾಣಕ್ಕೂ ನಡುವಿನ ಮಾತು ದಾರಿಯಲ್ಲಿ ಯಾರಿಗೂ ಕೇಳಿಸಲ್ಲ. ಆ ಕಡೆ ಕೂತಿರೋನು ಕಳ್ಳನಾ ಅಂತ ಅದು ಹೇಳ್ತಿರಲಿಲ್ಲ. ಕಳ್ಳರೂ ಬೀಗ ಹಾಕಿಸ್ಕೊಂಡ್ರು. ಅದಕ್ಕೇ ಗೂಗಲ್ ಕ್ರೋಮ್ 2023ರಲ್ಲಿ ಬೀಗದ ಚಿತ್ರವನ್ನೇ ತೆಗೆದುಹಾಕ್ತು.

ಸರಿಯಾದ ತಾಣ ಸಿಕ್ಕಿದ ಮೇಲೆ ಪ್ರತಿಸಲ ಗೂಗಲ್‌ನಲ್ಲಿ ಹುಡುಕಬೇಡಿ. ಹುಡುಕಾಟದ ಫಲಿತಾಂಶದಲ್ಲಿ ಮೇಲ್ಗಡೆ ದುಡ್ಡು ಕೊಟ್ಟು ಹಾಕಿಸಿದ ಜಾಹೀರಾತು ಇರಬಹುದು, 'ಪ್ರಾಯೋಜಿತ' ಅಂತ ಸಣ್ಣಕ್ಷರದಲ್ಲಿ ಬರೆದಿರುತ್ತೆ. ಮೂರು ಚುಕ್ಕಿ ಒತ್ತಿ ಬುಕ್‌ಮಾರ್ಕ್ ಮಾಡಿ, ಅಥವಾ ಹೋಂ ಸ್ಕ್ರೀನಿಗೆ ಸೇರಿಸಿ. ತಾತನ ಫೋನಿನಲ್ಲೂ ಒಂದು ಹಾಕಿಕೊಡಿ. ಅದೇ ಕಾರಣಕ್ಕೆ ಬ್ಯಾಂಕಿನ ಕಸ್ಟಮರ್ ಕೇರ್ ನಂಬರನ್ನ ಹುಡುಕಿ ತೆಗೆಯೋದು ಬೇಡ, ಪಾಸ್‌ಬುಕ್ಕಿನ ಮೇಲೋ ಎಟಿಎಂ ಕಾರ್ಡಿನ ಹಿಂದೋ ಇರೋದನ್ನೇ ಬಳಸಿ.

ಹುಡುಕೋದು ಅಂದಾಗ ನಮ್ಮ ನಾಲ್ಕು ತಾಲ್ಲೂಕಿನವರಿಗೇ ಒಂದು ವಿಶೇಷ ಕಷ್ಟ ಇದೆ. ಪಿರಿಯಾಪಟ್ಟಣವನ್ನ ಇಂಗ್ಲಿಷಿನಲ್ಲಿ ಒಬ್ಬರು 'ಪೆ' ಅಂತ ಶುರು ಮಾಡ್ತಾರೆ, ಇನ್ನೊಬ್ಬರು 'ಪಿ'. ಹುಣಸೂರಿಗೆ ನಡುವೆ 'ಎ' ಇರುತ್ತೆ, ಇರಲ್ಲ. ಒಂದು ಕಡೆ ಕೆ.ಆರ್. ನಗರ, ಇನ್ನೊಂದು ಕಡೆ ಕೃಷ್ಣರಾಜನಗರ. ಕೋಟೆಗೆ ಎಚ್.ಡಿ. ಕೋಟೆ, ಹೆಗ್ಗಡದೇವನಕೋಟೆ. ಒಂದರಲ್ಲಿ ಸಿಗದಿದ್ರೆ ಇನ್ನೊಂದರಲ್ಲಿ ಹುಡುಕಿ, ಕನ್ನಡದಲ್ಲೇ ಟೈಪ್ ಮಾಡಿದ್ರೆ ಎಷ್ಟೋ ಸಲ ಬೇಗ ಸಿಗುತ್ತೆ. ಸಾಲಿಗ್ರಾಮ ಅಂದ್ರೆ ಉಡುಪಿ ಜಿಲ್ಲೆಯದ್ದೂ ಬರುತ್ತೆ, ಜೊತೆಗೆ 'ಮೈಸೂರು' ಸೇರಿಸಿ. ಸಾಲಿಗ್ರಾಮ, ಸರಗೂರು ಈಚೆಗೆ ಬೇರೆ ತಾಲ್ಲೂಕುಗಳಾಗಿವೆ. ಪಹಣಿ ಪುಟದಲ್ಲಿ ನಿಮ್ಮ ಹೋಬಳಿ ಹಳೇ ತಾಲ್ಲೂಕಿನ ಕೆಳಗೆ ಕಾಣದಿದ್ರೆ ಹೊಸದರ ಕೆಳಗೆ ನೋಡಿ. ಉದ್ದನೆಯ ಫಲಾನುಭವಿ ಪಟ್ಟಿಯಲ್ಲಿ ಹೆಸರು ಹುಡುಕೋಕೆ ಬೆರಳು ಸವೆಸಬೇಡಿ, ಮೂರು ಚುಕ್ಕಿಯೊಳಗೆ 'ಫೈಂಡ್ ಇನ್ ಪೇಜ್' ಇದೆ.

ಗೃಹಲಕ್ಷ್ಮಿ ಯೋಜನೆಗೆ ಚಾಲನೆ ಸಿಕ್ಕಿದ್ದು ನಮ್ಮ ಮೈಸೂರಿನಲ್ಲೇ, 2023ರ ಆಗಸ್ಟ್ 30ರಂದು. ಯಾವುದೇ ಯೋಜನೆ ಬರಲಿ, ಅದರ ಹಿಂದೆಯೇ ವಾಟ್ಸಾಪ್‌ನಲ್ಲಿ ಲಿಂಕ್‌ಗಳು ಬರುತ್ತವೆ. ಲಿಂಕ್ ಬಂದ್ರೆ ಮೇಲಿನ ಹಾಗೆ ವಿಳಾಸ ಓದಿ. ಫೈಲ್ ಬಂದು ಅದರ ಹೆಸರಿನ ಕೊನೆಗೆ 'ಎಪಿಕೆ' ಅಂತ ಇದ್ರೆ ಮುಟ್ಟಲೇಬೇಡಿ, ಮದುವೆ ಕರೆಯೋಲೆ ಅಂತ ಹೆಸರಿಟ್ಟಿದ್ರೂ. ಕರೆಯೋಲೆ ಫೋಟೋ ಆಗಿರುತ್ತೆ, ಪಿಡಿಎಫ್ ಆಗಿರುತ್ತೆ. ಎಪಿಕೆ ಅಂದ್ರೆ ಅದೊಂದು ಆ್ಯಪ್, ಹಾಕ್ಕೊಂಡ್ರೆ ನಿಮ್ಮ ಮೆಸೇಜು ಓದೋಕೆ ಕೂತುಬಿಡುತ್ತೆ, ಒಟಿಪಿ ಸಮೇತ. ದುಡ್ಡು ಹೋದ್ರೆ ಊರಲ್ಲಿ ಮರ್ಯಾದೆ ಅಂತ ಮುಚ್ಚಿಡಬೇಡಿ, 1930ಕ್ಕೆ ತಕ್ಷಣ ಫೋನ್ ಮಾಡಿ. ಅದು ಸೈಬರ್ ವಂಚನೆಯ ಸಹಾಯವಾಣಿ. ಹಣ ಇನ್ನೂ ಖಾತೆಯಿಂದ ಖಾತೆಗೆ ಓಡ್ತಿರುವಾಗಲೇ ತಡೆಯೋಕೆ ಸಾಧ್ಯ, ಅದಕ್ಕೆ ಮೊದಲ ಕೆಲವು ಗಂಟೆ ಮುಖ್ಯ.

ಇನ್ನು ಪಹಣಿ ತೆರೆದಾಗ ಏನು ನೋಡಬೇಕು. ನೋಡೋದಕ್ಕೆ ದುಡ್ಡಿಲ್ಲ, ಕಚೇರಿಗೆ ಕೊಡೋ ಅಧಿಕೃತ ಪ್ರತಿಗೆ ಮಾತ್ರ ಶುಲ್ಕ. ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರ್. 9ನೇ ಕಾಲಂನಲ್ಲಿ ಮಾಲೀಕರ ಹೆಸರು. ಒಂದೊಂದಕ್ಷರ ಆಧಾರ್ ಜೊತೆ ಹೋಲಿಸಿ. 2024ರಿಂದ ಪಹಣಿಗೆ ಆಧಾರ್ ಜೋಡಿಸೋ ಕೆಲಸ ನಡೀತಿರೋದರಿಂದ ಇದು ಈಗ ಮುಖ್ಯ. 11ನೇ ಕಾಲಂನಲ್ಲಿ ಸಾಲ, ಋಣ. ತೀರಿಸಿದ ಸಾಲ ಅಲ್ಲೇ ಕೂತಿದ್ರೆ ಬ್ಯಾಂಕಿನಿಂದ ಪತ್ರ ತಂದು ತೆಗೆಸಬೇಕು. ತೆಗೆದುಕೊಳ್ಳದ ಸಾಲ ಕಂಡ್ರೆ ಅವತ್ತೇ ತಾಲ್ಲೂಕು ಆಫೀಸಿಗೆ ಹೋಗಬೇಕು. 12ರಲ್ಲಿ ಬೆಳೆ. ಹೊಲದಲ್ಲಿ ಹೊಗೆಸೊಪ್ಪು ನಿಂತಿರುವಾಗ ಅಲ್ಲಿ ರಾಗಿ ಅಂತ ಬರೆದಿದ್ರೆ, ಮುಂದೆ ಪರಿಹಾರದ ಹೊತ್ತಿಗೆ ತಾಪತ್ರಯ.

ನೋಡಿದ್ದನ್ನ ತಾತನಿಗೆ ಓದಿ ಹೇಳುವಾಗ ಫೋನನ್ನ ಅವರ ಕಡೆ ತಿರುಗಿಸಿ ಹಿಡೀರಿ, ಅಕ್ಷರ ದೊಡ್ಡದು ಮಾಡಿ. ಓದೋಕೆ ಬಾರದಿದ್ರೂ ಪರವಾಗಿಲ್ಲ. ಸರ್ವೆ ನಂಬರ್ ಅಂಕಿಗಳನ್ನ ಬಹಳಷ್ಟು ತಾತಂದಿರು ನಮಗಿಂತ ಬೇಗ ಗುರುತು ಹಿಡೀತಾರೆ. 'ಇದು ಮೇಲ್ಗಡೆ ಹೊಲ ಕಣ್ಲಾ, ಕೆರೆ ಪಕ್ಕದ್ದು ತೋರ್ಸು' ಅಂತ ಅವರೇ ತಿದ್ದುತ್ತಾರೆ.

ಮುಂದಿನ ಸಂಚಿಕೆಯಲ್ಲಿ ಸರ್ವೆ ನಕ್ಷೆ, ಪೋಡಿ, ಹದ್ದುಬಸ್ತು. ಕಲ್ಲು ನೆಟ್ಟ ಕಾಲದಿಂದ ಸ್ಯಾಟಲೈಟ್‌ವರೆಗೆ.